ಸಂಪಾದಕರ ಉತ್ತರ: ಪಾದೂರಿನ ಬಂಡೆಯಡಿಯ ತೈಲ ಯಾರಿಗಾಗಿ?

ಉಡುಪಿ ಜಿಲ್ಲೆಯ ಕಾಪು ಸಮೀಪದ ಪಾದೂರಿನಲ್ಲಿ ನೆಲದಡಿಯ ಬಂಡೆ ಕೊರೆದು ಮಾಡಿದ ಗುಹೆಗಳಲ್ಲಿ ಸರ್ಕಾರ ತುರ್ತಿಗೆಂದು ಕಚ್ಚಾ ತೈಲ ದಾಸ್ತಾನು ಇಡುತ್ತದೆ. ಆ ಭಾಗದ ನಿವೃತ್ತ ಶಿಕ್ಷಕರೊಬ್ಬರ ಪತ್ರದ ಸಾರ: “ದೇಶ ಇನ್ನಷ್ಟು ಕಚ್ಚಾ ತೈಲ ದಾಸ್ತಾನು ಮಾಡಬೇಕು ಎಂದು ನಿಮ್ಮ ಕಳೆದ ಸಂಚಿಕೆಯ ಲೇಖನ ವಾದಿಸಿತ್ತು. ರಷ್ಯಾ, ಅಮೆರಿಕ, ಅರಬ್ ದೇಶಗಳು ಎಲ್ಲರೂ ನಮಗೆ ಬೇಕಾದವರೇ. ನಮಗೆ ತೈಲ ನಿಲ್ಲಿಸುವವರು ಯಾರು? ಸೋಲಾರ್, ಎಲೆಕ್ಟ್ರಿಕ್ ವಾಹನಗಳ ಕಾಲದಲ್ಲಿ ಸಾವಿರಾರು ಕೋಟಿಯನ್ನು ಪಾದೂರಿನ ನೆಲದಡಿ ಹೂಳುವುದು ಯಾವ ಜಾಣತನ? ಈ ಭಾಗದ ಜನ ಇಷ್ಟು ಅನುಭವಿಸಿದ್ದು ಸಾಲದೇ?”

ಮಾಸ್ಟ್ರೇ, ನಿಮ್ಮ ಕೊನೆಯ ಪ್ರಶ್ನೆಯೇ ಎಲ್ಲಕ್ಕಿಂತ ಭಾರವಾದದ್ದು. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ‘ನಿಲ್ಲಿಸುವವರು ಯಾರು’ ಎಂಬುದನ್ನು ನೋಡೋಣ.

1990ರ ಆಗಸ್ಟ್ 2ರಂದು ಇರಾಕ್ ಸೇನೆ ಕುವೈತ್‌ಗೆ ನುಗ್ಗಿದಾಗ ಅವರಿಬ್ಬರಲ್ಲಿ ಯಾರಿಗೂ ನಮ್ಮ ಮೇಲೆ ಸಿಟ್ಟಿರಲಿಲ್ಲ. ಇಬ್ಬರೂ ನಮಗೆ ತೈಲ ಮಾರುತ್ತಿದ್ದರು, ಇಬ್ಬರ ಜೊತೆಗೂ ಸ್ನೇಹವಿತ್ತು. ಆದರೂ ಎರಡೂ ಕಡೆಯ ತೈಲ ನಿಂತಿತು. ಕರಾವಳಿಯ ಮನೆಗಳಿಗೆ ಆ ವರ್ಷ ನೆನಪಿರುವುದು ಕುವೈತ್‌ನಿಂದ ಬರಿಗೈಯಲ್ಲಿ ಮರಳಿದ ಮಗ, ಅಳಿಯಂದಿರಿಂದ. ದೆಹಲಿಯಲ್ಲಿ ಆಗ ಬೇರೆಯೇ ಸಂಕಟ. ತೈಲದ ಬೆಲೆ ಕೆಲವೇ ವಾರಗಳಲ್ಲಿ ಏರಿ ಸುಮಾರು ದುಪ್ಪಟ್ಟಾಯಿತು, ಬೊಕ್ಕಸದ ಡಾಲರು ಕರಗಿತು. 1991ರ ಜನವರಿಯ ಹೊತ್ತಿಗೆ ಉಳಿದದ್ದು ಕೆಲವೇ ವಾರಗಳ ಆಮದಿಗೆ ಸಾಲುವಷ್ಟು. ಅಂತರರಾಷ್ಟ್ರೀಯ ಹಣಕಾಸು ನಿಧಿಯ (ಐಎಂಎಫ್) ಸಾಲಕ್ಕೆ ಕೈಯೊಡ್ಡಿದ್ದ ಅದೇ ತಿಂಗಳಲ್ಲಿ, ಫಿಲಿಪೀನ್ಸ್‌ನಿಂದ ಕೊಲ್ಲಿಗೆ ಹೋಗುತ್ತಿದ್ದ ಅಮೆರಿಕದ ಸೇನಾ ವಿಮಾನಗಳು ಭಾರತದ ವಿಮಾನ ನಿಲ್ದಾಣಗಳಲ್ಲಿ ಇಂಧನ ತುಂಬಿಸಿಕೊಳ್ಳಲು ಪ್ರಧಾನಿ ಚಂದ್ರಶೇಖರ್ ಅವರ ಸರ್ಕಾರ ಅನುಮತಿ ಕೊಟ್ಟಿತು. ಅಲಿಪ್ತ ನೀತಿಯನ್ನು ನಾಲ್ಕು ದಶಕ ಸಾರಿದ ದೇಶ! ಸರ್ಕಾರಕ್ಕೆ ಹೊರಗಿನಿಂದ ಬೆಂಬಲ ಕೊಟ್ಟಿದ್ದ ರಾಜೀವ್ ಗಾಂಧಿ ವಿರೋಧಿಸಿದ ಮೇಲೆ ಫೆಬ್ರವರಿಯಲ್ಲಿ ಅದು ನಿಂತಿತು. ಕೆಲವೇ ತಿಂಗಳಲ್ಲಿ ರಿಸರ್ವ್ ಬ್ಯಾಂಕಿನ ಚಿನ್ನ ಅಡಮಾನಕ್ಕೆ ವಿಮಾನ ಹತ್ತಿತು.

ಆ ಅನುಮತಿ ಸರಿಯೋ ತಪ್ಪೋ ಎಂದು ಇಂದಿಗೂ ವಾದಿಸಬಹುದು. ನಾನು ಕೇಳುವುದು ಇಷ್ಟೇ: ಕೈಯಲ್ಲಿ ತೈಲವೂ ಇಲ್ಲ, ಡಾಲರೂ ಇಲ್ಲ ಎಂಬ ಸ್ಥಿತಿಯಲ್ಲಿರುವ ಸರ್ಕಾರಕ್ಕೆ ‘ಆಗುವುದಿಲ್ಲ’ ಎನ್ನುವ ಧೈರ್ಯ ಎಲ್ಲಿಂದ ಬರಬೇಕು? ಪಾದೂರಿನ ದಾಸ್ತಾನನ್ನು ಯುದ್ಧಕಾಲದ ಡೀಸೆಲ್ ಎಂದು ಮಾತ್ರ ನೋಡಬೇಡಿ. ಹೊರಗಿನ ಒತ್ತಡ ಬಂದಾಗ ಅವಸರದಲ್ಲಿ ಸಹಿ ಹಾಕದೆ, ನಾಲ್ಕು ದಿನ ಯೋಚಿಸಿ ಉತ್ತರ ಕೊಡಲು ವಿದೇಶಾಂಗ ಸಚಿವಾಲಯಕ್ಕೆ ಸಿಗುವ ಸಮಯ ಅದು.

ಒತ್ತಡ ಶತ್ರುವಿನಿಂದಲೇ ಬರಬೇಕೆಂದಿಲ್ಲ. ನಿಮ್ಮ ಪಕ್ಕದ ಮಂಗಳೂರಿನ ತೈಲ ಶುದ್ಧೀಕರಣ ಕಂಪನಿ ಎಂಆರ್‌ಪಿಎಲ್ ಒಂದು ಕಾಲಕ್ಕೆ ಇರಾನ್ ತೈಲದ ದೊಡ್ಡ ಗಿರಾಕಿ. 2019ರ ಮೇ ತಿಂಗಳಲ್ಲಿ ಅಮೆರಿಕ ಇರಾನ್ ಮೇಲಿನ ತನ್ನ ನಿರ್ಬಂಧಗಳಿಂದ ನಮಗೆ ಕೊಟ್ಟಿದ್ದ ವಿನಾಯಿತಿ ಮುಗಿಸಿದ್ದೇ ತಡ, ಆ ಖರೀದಿ ನಿಂತುಹೋಯಿತು. ಇರಾನ್ ನಮ್ಮ ಜೊತೆ ಜಗಳವಾಡಿರಲಿಲ್ಲ. 2022ಕ್ಕೆ ಮೊದಲು ನಮ್ಮ ಆಮದಿನಲ್ಲಿ ರಷ್ಯಾದ ಪಾಲು ನೂರಕ್ಕೆ ಎರಡೂ ಇರಲಿಲ್ಲ; ಉಕ್ರೇನ್ ಯುದ್ಧದ ನಂತರ ರಿಯಾಯಿತಿ ಸಿಕ್ಕಿ ಅದು ಮೂರನೇ ಒಂದಂಶ ದಾಟಿತು. ಅದೇ ಕಾರಣ ಮುಂದಿಟ್ಟು 2025ರ ಆಗಸ್ಟ್ 27ರಿಂದ ಅಮೆರಿಕ ನಮ್ಮ ಸರಕಿನ ಮೇಲಿನ ಸುಂಕವನ್ನು ಶೇ 50ಕ್ಕೆ ಏರಿಸಿತು. ಅಕ್ಟೋಬರಿನಲ್ಲಿ ರಷ್ಯಾದ ತೈಲ ಕಂಪನಿಗಳಾದ ರೋಸ್‌ನೆಫ್ಟ್, ಲುಕಾಯಿಲ್ ಮೇಲೆ ಅಮೆರಿಕದ ನಿರ್ಬಂಧ ಬಿತ್ತು. ತೈಲ ಬರಬೇಕಾದರೆ ಮಾರುವವನ ಮನಸ್ಸು ಮಾತ್ರ ಸಾಲದು. ಹಡಗು, ವಿಮೆ, ಹಣ ದಾಟಿಸುವ ಬ್ಯಾಂಕು ಎಲ್ಲವೂ ಒಪ್ಪಬೇಕು.

ದಾರಿಯ ಪ್ರಶ್ನೆ ಬೇರೆ. ಕೊಲ್ಲಿಯ ತೈಲ ಹಡಗುಗಳು ಹೊರಬರುವ, ಇರಾನ್ ಪಕ್ಕದ ಹೊರ್ಮುಜ್ ಜಲಸಂಧಿಯ ಅತಿ ಕಿರಿದಾದ ಜಾಗ ಸುಮಾರು 33 ಕಿಲೋಮೀಟರ್. ಜಗತ್ತು ಬಳಸುವ ತೈಲದ ಸುಮಾರು ಐದನೇ ಒಂದು ಭಾಗಕ್ಕೆ ಅದೇ ದಾರಿ. 2025ರ ಜೂನ್‌ನಲ್ಲಿ ಇಸ್ರೇಲ್–ಇರಾನ್ ಯುದ್ಧದ ನಡುವೆ ಅದನ್ನು ಮುಚ್ಚುವ ನಿರ್ಣಯಕ್ಕೆ ಇರಾನ್ ಸಂಸತ್ತು ಒಪ್ಪಿಗೆ ಕೊಟ್ಟಿತ್ತು.

ಇಷ್ಟಕ್ಕೆಲ್ಲ ನಮ್ಮ ಸಿದ್ಧತೆ ಎಷ್ಟು? ವಿಶಾಖಪಟ್ಟಣದಲ್ಲಿ 13.3 ಲಕ್ಷ ಟನ್, ಮಂಗಳೂರಿನಲ್ಲಿ 15 ಲಕ್ಷ, ಪಾದೂರಿನಲ್ಲಿ 25 ಲಕ್ಷ, ಒಟ್ಟು 53.3 ಲಕ್ಷ ಟನ್ ಸಾಮರ್ಥ್ಯ. ಅಂದರೆ ಮುಕ್ಕಾಲು ಪಾಲು ನಮ್ಮ ಕರಾವಳಿಯಲ್ಲೇ ಇದೆ. ಸರ್ಕಾರದ ಲೆಕ್ಕದಲ್ಲಿ ಇದು ಒಂಬತ್ತೂವರೆ ದಿನಕ್ಕೆ ಸಾಕು, ಅದೂ 2019–20ರ ಬಳಕೆಯ ಪ್ರಕಾರ. ಆಮೇಲೆ ಬಳಕೆ ಏರಿದೆ, ಗುಹೆ ಬೆಳೆದಿಲ್ಲ. ತೈಲ ಕಂಪನಿಗಳ ಸ್ವಂತ ದಾಸ್ತಾನು ಸೇರಿಸಿ 74 ದಿನ ಎನ್ನುತ್ತಾರೆ; ಆದರೆ ಅದು ದಿನನಿತ್ಯದ ವಹಿವಾಟಿನ ಸರಕು, ಎತ್ತಿಟ್ಟದ್ದಲ್ಲ. ಅಂತರರಾಷ್ಟ್ರೀಯ ಇಂಧನ ಸಂಸ್ಥೆ ತನ್ನ ಪೂರ್ಣ ಸದಸ್ಯರಿಂದ ಕೇಳುವುದು 90 ದಿನಗಳ ನಿವ್ವಳ ಆಮದಿನಷ್ಟು. ಕಚ್ಚಾ ತೈಲದ ಶೇ 85ಕ್ಕೂ ಹೆಚ್ಚನ್ನು ಹೊರಗಿನಿಂದ ತರುವ ದೇಶಕ್ಕೆ ನಮ್ಮ ಈ ದಾಸ್ತಾನು ತೀರಾ ಕಡಿಮೆ.

ಹೂಳಿದ ಹಣ ಎಂದಿರಿ. 2020ರ ಏಪ್ರಿಲ್–ಮೇನಲ್ಲಿ ಕೊರೊನಾದಿಂದ ಬೆಲೆ ಕುಸಿದಾಗ ಬ್ಯಾರಲ್‌ಗೆ ಸರಾಸರಿ 19 ಡಾಲರ್‌ನಂತೆ ಈ ಗುಹೆಗಳನ್ನು ತುಂಬಿ ಸುಮಾರು 5,000 ಕೋಟಿ ರೂಪಾಯಿ ಉಳಿಸಿದೆವು ಎಂದು ಸರ್ಕಾರವೇ ಹೇಳಿದೆ. ನನಗೆ ಬೇಸರ ತರುವುದು ಅದರ ಮುಂದಿನದು. 2023ರ ಬಜೆಟ್ಟಿನಲ್ಲಿ ದಾಸ್ತಾನಿಗಾಗಿ ಇಟ್ಟಿದ್ದ 5,000 ಕೋಟಿಯ ಖರೀದಿಯನ್ನು ಅದೇ ವರ್ಷ ಮುಂದೂಡಲಾಯಿತು. ಮಂಗಳೂರಿನ ಗುಹೆಯ ಅರ್ಧ ಭಾಗದಲ್ಲಿ ಅಬುಧಾಬಿಯ ಅಡ್ನಾಕ್ ಕಂಪನಿಗೆ ತನ್ನ ತೈಲ ಇಡಲು ಜಾಗ ಕೊಡಲಾಗಿದೆ. ತುರ್ತಿನಲ್ಲಿ ಮೊದಲ ಹಕ್ಕು ನಮ್ಮದು. 2021ರಲ್ಲಿ ಒಪ್ಪಿಗೆ ಸಿಕ್ಕ ಎರಡನೇ ಹಂತ, ಅಂದರೆ ಒಡಿಶಾದ ಚಂಡಿಖೋಲ್ ಮತ್ತು ಪಾದೂರಿನ ಇನ್ನೊಂದು 25 ಲಕ್ಷ ಟನ್, ಖಾಸಗಿ ಸಹಭಾಗಿತ್ವದ್ದು. ಬೆಲೆ ಏರಿದಾಗ ಮಾರುವುದು ವ್ಯಾಪಾರಿಯ ಧರ್ಮ. ಬೆಲೆ ಏರಿದ ಹೊತ್ತಿನಲ್ಲೇ ದೇಶಕ್ಕೆ ಆ ತೈಲ ಬೇಕು. ಇಷ್ಟು ಪಾಲನ್ನು ಯಾರೂ ಮುಟ್ಟಬಾರದು ಎಂಬ ಗೆರೆಯನ್ನು ಕಾನೂನಿನಲ್ಲೇ ಎಳೆಯಬೇಕು.

ಅಡುಗೆ ಅನಿಲದ ಸ್ಥಿತಿ ಇನ್ನೂ ನಾಜೂಕು. ನಾವು ಬಳಸುವ ಎಲ್‌ಪಿಜಿಯ ಅರ್ಧಕ್ಕಿಂತ ಹೆಚ್ಚು ಆಮದು, ಬಹುಪಾಲು ಕೊಲ್ಲಿಯಿಂದ. ಕಟ್ಟಿಗೆ ಒಲೆ ಬಿಟ್ಟು ಸಿಲಿಂಡರಿಗೆ ಬಂದ ಕೋಟ್ಯಂತರ ಮನೆಗಳಿಗೆ ಹಿಂದಿರುಗುವ ದಾರಿಯಿಲ್ಲ. ಮಂಗಳೂರಿನ 80,000 ಟನ್ನಿನ ಎಲ್‌ಪಿಜಿ ಗುಹೆ ಒಳ್ಳೆಯ ಹೆಜ್ಜೆ, ಆದರೆ ದೇಶಕ್ಕೆ ಅದು ಎರಡು ದಿನಕ್ಕೂ ಸಾಲದು.

ಸೋಲಾರ್ ಬೇಕೇ ಬೇಕು. ಆದರೆ ಅದು ಮುಖ್ಯವಾಗಿ ಕಲ್ಲಿದ್ದಲಿನ ಜಾಗ ತುಂಬುತ್ತದೆ. ಲಾರಿ, ಟ್ರ್ಯಾಕ್ಟರ್, ಮಲ್ಪೆಯ ಬೋಟುಗಳು ಓಡುವುದು ಡೀಸೆಲ್‌ನಿಂದ. ಎಲೆಕ್ಟ್ರಿಕ್ ಮೋಟಾರಿಗೆ ಬೇಕಾದ ವಿರಳ ಲೋಹಗಳ ಆಯಸ್ಕಾಂತವನ್ನು 2025ರ ಏಪ್ರಿಲ್‌ನಲ್ಲಿ ಚೀನಾ ಬಿಗಿಹಿಡಿದಾಗ ನಮ್ಮ ವಾಹನ ಕಂಪನಿಗಳು ಕಂಗಾಲಾದದ್ದೂ ನೆನಪಿರಲಿ.

ಈಗ ನಿಮ್ಮ ಕೊನೆಯ ಪ್ರಶ್ನೆಗೆ, ನಿಮ್ಮ ಊರಿಗೆ ಬರುತ್ತೇನೆ. ಈ ಗುಹೆಗಳಿಗೆ ಉಕ್ಕಿನ ಹೊದಿಕೆ ಇಲ್ಲ. ಸುಮಾರು 30 ಮೀಟರ್ ಎತ್ತರಕ್ಕೆ ಕೊರೆದ ಬಂಡೆಯೇ ಟ್ಯಾಂಕು. ಬಂಡೆಯ ಬಿರುಕುಗಳಲ್ಲಿರುವ ಅಂತರ್ಜಲದ ಒತ್ತಡ ತೈಲದ ಒತ್ತಡಕ್ಕಿಂತ ಹೆಚ್ಚಿರುವುದರಿಂದ ತೈಲ ಹೊರಗೆ ಸೋರುವುದಿಲ್ಲ. ಆ ಒತ್ತಡ ಕುಗ್ಗದಿರಲೆಂದು ಗುಹೆಯ ಮೇಲ್ಭಾಗದಲ್ಲಿ ಸಣ್ಣ ಸುರಂಗ, ಕೊಳವೆಗಳ ಮೂಲಕ ನೀರು ಹಾಯಿಸುತ್ತಾರೆ. ಒಳಗೆ ಜಿನುಗಿ ತಳದಲ್ಲಿ ನಿಂತ ನೀರನ್ನು ಪಂಪ್ ಮಾಡಿ ತೆಗೆದು ಶುದ್ಧೀಕರಿಸುತ್ತಾರೆ. ಹಾಗಾಗಿ ಸುತ್ತಲಿನ ಬಾವಿಗಳ ನೀರಿನ ಮಟ್ಟ ಊರಿನವರಿಗೆ ಎಷ್ಟು ಮುಖ್ಯವೋ ಗುಹೆಗೂ ಅಷ್ಟೇ ಮುಖ್ಯ. ಆ ಅಂಕಿಅಂಶವನ್ನು ಭದ್ರತೆಯ ಹೆಸರಿನಲ್ಲಿ ಗುಟ್ಟಾಗಿಡಲು ಯಾವ ಕಾರಣವೂ ಇಲ್ಲ. ತಿಂಗಳಿಗೊಮ್ಮೆ ಬಾವಿಗಳ ಮಟ್ಟ, ನೀರಿನ ಗುಣಮಟ್ಟದ ವರದಿಯನ್ನು ಪಂಚಾಯಿತಿ ಕಚೇರಿಯಲ್ಲಿ ಕನ್ನಡದಲ್ಲಿ ಅಂಟಿಸಬೇಕು. ಬಂಡೆ ಸಿಡಿಸುವ ಮೊದಲು ಪ್ರತಿ ಮನೆಯ ಗೋಡೆಯ ಫೋಟೊ ತೆಗೆದು, ಮನೆಯವರ ಸಹಿ ಪಡೆದು, ಒಂದು ಪ್ರತಿ ಅವರಿಗೇ ಕೊಡಬೇಕು; ಆಮೇಲೆ ಬಿರುಕು ಯಾವಾಗಿನದೆಂದು ವಾದವೇ ಏಳುವುದಿಲ್ಲ. ಎರಡನೇ ಹಂತಕ್ಕೆ ಜಾಗ ಬಿಡುವವರಿಗೆ ಪರಿಹಾರ ಕೈಸೇರುವವರೆಗೆ ಅಲ್ಲಿ ಜೆಸಿಬಿ ಇಳಿಯಬಾರದು. ಇಡೀ ದೇಶದ ತುರ್ತಿನ ತೈಲದ ಅರ್ಧದಷ್ಟನ್ನು ಹೊತ್ತಿರುವ ಊರಿಗೆ ಇಷ್ಟು ಕೇಳುವ ಹಕ್ಕಿದೆ.

ನಿಮ್ಮ ಭಾಗದ ಬಾವಿಗಳ ನೀರು ಪರೀಕ್ಷೆಯ ವರದಿ ಯಾರ ಬಳಿಯಾದರೂ ಇದ್ದರೆ ಪ್ರತಿ ಕಳುಹಿಸಿ, ಮಾಸ್ಟ್ರೇ. ಪ್ರಕಟಿಸುತ್ತೇವೆ.

— ಸಂಪಾದಕ