7ನೇ ವಾರದಲ್ಲಿ ಕಂಡ ಕಣ್ಣಿನ ದೋಷ 14ನೇ ತಿಂಗಳಿಗೆ ಎಲ್ಲಿ ಹೋಯಿತು?

ನಿಮ್ಮ ರಫ್ ಕೋಲಿ ತಳಿಯ ಹೆಣ್ಣು ನಾಯಿಮರಿಗೆ 7 ವಾರವಾಗಿದ್ದಾಗ ಪಶುಗಳ ನೇತ್ರತಜ್ಞರೊಬ್ಬರು 'ಕೋಲಿ ಐ ಅನಾಮಲಿ' ಎಂಬ ಕಣ್ಣಿನ ಹುಟ್ಟುದೋಷ ಇದೆಯೆಂದು ಬರೆದುಕೊಟ್ಟರು. 14 ತಿಂಗಳಾದ ಮೇಲೆ ಇನ್ನೊಬ್ಬರು ಪಾಪೆ ಹಿಗ್ಗಿಸುವ ಔಷಧಿ ಹಾಕಿ ನೋಡಿ ಕಣ್ಣು ಸರಿಯಾಗಿದೆ ಎಂದರು. ಮೊದಲನೆಯವರು ತಪ್ಪಿದರೇ, ದೋಷ ತಾನಾಗಿ ವಾಸಿಯಾಯಿತೇ, ಈಗ ಅವಳಿಂದ ಮರಿ ಪಡೆಯಬಹುದೇ ಎಂಬುದು ನಿಮ್ಮ ಪ್ರಶ್ನೆ. ಇಬ್ಬರೂ ತಪ್ಪಿರಲಾರರು. ದೋಷ ವಾಸಿಯಾಗಿಲ್ಲ, ಮರೆಯಾಗಿದೆ. ಈ ವ್ಯತ್ಯಾಸವನ್ನು ತಿಳಿಯದೆ ನಾನೇ ಒಮ್ಮೆ ದೊಡ್ಡ ತಪ್ಪು ಮಾಡಿದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ಕಣ್ಣಿನ ಹಿಂಭಾಗದಲ್ಲಿ, ಅಕ್ಷಿಪಟಲದ ಬೆನ್ನಿಗೆ ಅಂಟಿಕೊಂಡಂತೆ, ರಕ್ತನಾಳಗಳಿಂದ ತುಂಬಿದ ಕೋರಾಯ್ಡ್ ಎಂಬ ಪದರವಿದೆ. ಈ ರೋಗದಲ್ಲಿ, ಮರಿ ತಾಯಿಯ ಹೊಟ್ಟೆಯಲ್ಲಿರುವಾಗಲೇ, ದೃಷ್ಟಿನರ ಕಣ್ಣನ್ನು ಸೇರುವ ಜಾಗದ ಹೊರಮಗ್ಗುಲಿನಲ್ಲಿ ಆ ಪದರ ತೆಳುವಾಗಿ, ಅರೆಬರೆಯಾಗಿ ಬೆಳೆಯುತ್ತದೆ. ಎಳೆಯ ಮರಿಯ ಕಣ್ಣಿನೊಳಗೆ ಬಣ್ಣದ ಕಣಗಳು ಇನ್ನೂ ಪೂರ್ತಿಯಾಗಿ ತುಂಬಿರುವುದಿಲ್ಲವಾದ್ದರಿಂದ ಆ ತೆಳುಭಾಗ ಬಿಳಿಚಿದ ತೇಪೆಯಂತೆ ವೈದ್ಯರಿಗೆ ಕಾಣಿಸುತ್ತದೆ. ಸುಮಾರು 3 ತಿಂಗಳು ತುಂಬುವ ಹೊತ್ತಿಗೆ ಬಣ್ಣ ಕಟ್ಟುತ್ತದೆ, ಕತ್ತಲಲ್ಲಿ ನಾಯಿಯ ಕಣ್ಣನ್ನು ಹೊಳೆಯಿಸುವ ಪದರವೂ ಬಲಿಯುತ್ತದೆ, ಆಗ ದೋಷ ಸಣ್ಣದಾಗಿದ್ದರೆ ಅದು ಈ ಬಣ್ಣದ ಅಡಿಯಲ್ಲಿ ಮುಚ್ಚಿಹೋಗುತ್ತದೆ. ತಳಿ ಬೆಳೆಸುವವರು ಇದನ್ನು 'ಗೋ ನಾರ್ಮಲ್', ಅಂದರೆ ಸರಿಹೋಗುವುದು, ಎನ್ನುತ್ತಾರೆ. ಈ ಮಾತು ನನಗೆ ಎಂದೂ ಹಿಡಿಸಿಲ್ಲ, ಏಕೆಂದರೆ ಅಲ್ಲಿ ಏನೂ ಸರಿಹೋಗಿರುವುದಿಲ್ಲ. 6ರಿಂದ 8 ವಾರದೊಳಗೆ ಮರಿಯ ಕಣ್ಣನ್ನು ತೋರಿಸಬೇಕೆಂದು ಒತ್ತಾಯಿಸುವುದು ಇದೇ ಕಾರಣಕ್ಕೆ.

ನನ್ನ ಮೊದಲ ಕೋಲಿಯನ್ನು 2 ವರ್ಷ ತುಂಬಿದ ಮೇಲೆ ಪರೀಕ್ಷೆ ಮಾಡಿಸಿದ್ದೆ. ಕಣ್ಣು ಸ್ವಚ್ಛ ಎಂದು ಬರೆದುಕೊಟ್ಟಿದ್ದರು. ಜೊತೆಗೆ ಆರಿಸಿದ ಗಂಡುನಾಯಿಗೂ ದೊಡ್ಡದಾದ ಮೇಲೆ ಮಾಡಿಸಿದ ಅಂಥದೇ ಕಾಗದವಿತ್ತು. ಹುಟ್ಟಿದ 5 ಮರಿಗಳನ್ನು 7ನೇ ವಾರದಲ್ಲಿ ತೋರಿಸಿದಾಗ ಐದಕ್ಕೂ ದೋಷವಿತ್ತು. ಅವುಗಳಲ್ಲಿ ನಾಲ್ಕಕ್ಕೆ ತೆಳುವಾದ ಕೋರಾಯ್ಡ್ ಬಿಟ್ಟರೆ ಬೇರೇನೂ ಇರಲಿಲ್ಲ, ಅವು ಕೊನೆಯವರೆಗೂ ಚೆನ್ನಾಗಿ ನೋಡಿದವು. ಐದನೆಯದಕ್ಕೆ ಎಡಗಣ್ಣಿನ ದೃಷ್ಟಿನರದ ಬುಡದಲ್ಲಿ ಕೊಲೊಬೋಮಾ ಎಂಬ ದೊಡ್ಡ ಗುಳಿಯಿತ್ತು. 10ನೇ ತಿಂಗಳಲ್ಲಿ ಅದು ಎಡಮಗ್ಗುಲಿನ ಬಾಗಿಲ ಚೌಕಟ್ಟಿಗೆ ತಗುಲಿಕೊಳ್ಳತೊಡಗಿತು, ಚೆಂಡು ಎಡಗಡೆ ಬಿದ್ದರೆ ತಲೆಯನ್ನು ಪೂರ್ತಿ ಹೊರಳಿಸಿ ಹುಡುಕುತ್ತಿತ್ತು. ಆ ಕಣ್ಣಿನ ಅಕ್ಷಿಪಟಲ ಕಳಚಿಕೊಂಡಿತ್ತು. ಎರಡು ಕಾಗದಗಳನ್ನು ನಂಬಿ ನಾನು ಮಾಡಿದ ಜೋಡಿಯ ಫಲವನ್ನು ಆ ನಾಯಿ ಬಾಳಿನುದ್ದಕ್ಕೂ ಅನುಭವಿಸಿತು ಎಂಬುದನ್ನು ನಾನು ಮರೆತಿಲ್ಲ.

ಇದರಿಂದ ನಿಮ್ಮ ನಾಯಿಯ ಬಗ್ಗೆ ಗಾಬರಿಯಾಗಬೇಡಿ. ಎರಡನೆಯ ಪರೀಕ್ಷೆ ವ್ಯರ್ಥವೇನೂ ಅಲ್ಲ. ತೆಳುವಾದ ಕೋರಾಯ್ಡ್ ಮುಚ್ಚಿಹೋಗಬಹುದೇ ಹೊರತು ಕೊಲೊಬೋಮಾ ಹಾಗೆ ಮರೆಯಾಗುವುದಿಲ್ಲ. ಆದ್ದರಿಂದ 14ನೇ ತಿಂಗಳಲ್ಲಿ ಕಣ್ಣು ಸರಿಯಾಗಿ ಕಂಡಿದೆ ಎಂದರೆ ಗುಳಿಯಾಗಲಿ, ಕಳಚಿದ ಅಕ್ಷಿಪಟಲವಾಗಲಿ, ಕಣ್ಣೊಳಗಿನ ರಕ್ತಸ್ರಾವವಾಗಲಿ ಇಲ್ಲವೆಂದೇ ಅರ್ಥ. ಕೋರಾಯ್ಡ್ ತೆಳುವಾಗಿರುವುದು ವಯಸ್ಸಿನೊಡನೆ ಹೆಚ್ಚುತ್ತಾ ಹೋಗುವ ರೋಗವಲ್ಲ. ಅವಳ ದೃಷ್ಟಿಯ ಮಟ್ಟಿಗೆ ನೀವು ನೆಮ್ಮದಿಯಿಂದಿರಬಹುದು.

ಮರಿಗಳ ಪ್ರಶ್ನೆ ಬೇರೆ. ಅದಕ್ಕೆ ಉತ್ತರ ಕಣ್ಣಿನಲ್ಲಿಲ್ಲ, ರಕ್ತದಲ್ಲಿದೆ. 37ನೇ ವರ್ಣತಂತುವಿನ ಮೇಲಿರುವ ಎನ್‌ಎಚ್‌ಇಜೆ1 ಎಂಬ ಜೀನ್‌ನೊಳಗೆ ಸುಮಾರು 7,800 ಅಕ್ಷರಗಳಷ್ಟು ಡಿಎನ್‌ಎ ತುಂಡು ಕಾಣೆಯಾಗಿರುವುದು ಈ ರೋಗದೊಂದಿಗೆ ಸಾಗಿಬರುತ್ತದೆ ಎಂದು 2007ರಲ್ಲಿ ಗೊತ್ತಾಯಿತು. ಕೋಲಿಯಲ್ಲಷ್ಟೇ ಅಲ್ಲ, ಬಾರ್ಡರ್ ಕೋಲಿ, ಆಸ್ಟ್ರೇಲಿಯನ್ ಶೆಫರ್ಡ್, ಶೆಟ್‌ಲ್ಯಾಂಡ್ ಶೀಪ್‌ಡಾಗ್‌ಗಳಲ್ಲೂ ಅದೇ ತುಂಡು ಕಾಣೆಯಾಗಿರುವುದರಿಂದ ಇವೆಲ್ಲಕ್ಕೂ ಈ ದೋಷ ಒಂದೇ ಹಳೆಯ ಪೂರ್ವಜನಿಂದ ಬಂದದ್ದೆಂದು ತಿಳಿಯಲಾಗಿದೆ. ಇದು ಸುಪ್ತ ದೋಷ. ತಂದೆಯಿಂದ ಒಂದು, ತಾಯಿಯಿಂದ ಒಂದು, ಹೀಗೆ ಎರಡು ಪ್ರತಿಗಳು ಸೇರಿದರೆ ಮಾತ್ರ ಕಣ್ಣಿನಲ್ಲಿ ತೋರುತ್ತದೆ. 7ನೇ ವಾರದ ಕಾಗದ ಸರಿಯೆಂದಾದರೆ ನಿಮ್ಮ ನಾಯಿಯಲ್ಲಿ ಎರಡೂ ಪ್ರತಿಗಳಿವೆ. ಕೆನ್ನೆಯ ಒಳಭಾಗವನ್ನು ಹತ್ತಿಯ ಕಡ್ಡಿಯಿಂದ ಉಜ್ಜಿ ಕಳಿಸಿದರೂ ಸಾಕು, ಡಿಎನ್‌ಎ ಪರೀಕ್ಷೆ ಇದನ್ನು ಖಚಿತಪಡಿಸುತ್ತದೆ. ದೋಷದ ಪ್ರತಿಯೇ ಇಲ್ಲದ ಗಂಡಿನೊಂದಿಗೆ ಕೂಡಿಸಿದರೆ ಮರಿಗಳೆಲ್ಲ ಒಂದೊಂದು ಪ್ರತಿಯ ವಾಹಕಗಳಾಗುತ್ತವೆ, ಆದರೆ ಯಾವುದರ ಕಣ್ಣಿಗೂ ತೊಂದರೆಯಿಲ್ಲ. ಗಂಡು ಒಂದು ಪ್ರತಿಯ ವಾಹಕನಾಗಿದ್ದರೆ ಪ್ರತಿ ಮರಿಗೂ ರೋಗ ಬರುವ ಸಾಧ್ಯತೆ ಅರ್ಧಕ್ಕರ್ಧ. ಅವನಲ್ಲೂ ಎರಡು ಪ್ರತಿಗಳಿದ್ದರೆ ನನ್ನ ಮನೆಯಲ್ಲಿ ಆದದ್ದೇ ಆಗುತ್ತದೆ.

ದೋಷವಿರುವ ನಾಯಿಗಳನ್ನೆಲ್ಲ ತಳಿಯಿಂದ ಹೊರಗಿಡಬೇಕು ಎಂದು ಹೇಳುವವರಿದ್ದಾರೆ. ಬಾರ್ಡರ್ ಕೋಲಿಗಳಲ್ಲಿ ರೋಗ ವಿರಳವಾದ್ದರಿಂದ ಅಲ್ಲಿ ಹಾಗೆ ಮಾಡುವುದು ಕಷ್ಟವಲ್ಲ. ರಫ್ ಕೋಲಿಗಳಲ್ಲಿ ಬಹುಪಾಲು ನಾಯಿಗಳು ಇದನ್ನು ಹೊತ್ತಿರುವಾಗ ಅವುಗಳನ್ನೆಲ್ಲ ಕೈಬಿಟ್ಟರೆ ಉಳಿಯುವ ಕೆಲವೇ ನಾಯಿಗಳ ನಡುವೆ ಹತ್ತಿರದ ರಕ್ತಸಂಬಂಧ ಬೆಳೆದು ಬೇರೆ ರೋಗಗಳು ತಲೆಯೆತ್ತುತ್ತವೆ. ಕೊಲೊಬೋಮಾ ಇಲ್ಲದ, ಉಳಿದೆಲ್ಲ ರೀತಿಯಲ್ಲಿ ಆರೋಗ್ಯವಾಗಿರುವ ನಿಮ್ಮ ನಾಯಿಯನ್ನು ಡಿಎನ್‌ಎ ಪರೀಕ್ಷೆಯಲ್ಲಿ ದೋಷದ ಪ್ರತಿಯಿಲ್ಲವೆಂದು ಕಂಡ ಗಂಡಿನೊಂದಿಗೆ ಮಾತ್ರ ಕೂಡಿಸುವುದರಲ್ಲಿ ನಾನು ತಪ್ಪು ಕಾಣುವುದಿಲ್ಲ. ಕೊಲೊಬೋಮಾ ಇದ್ದಿದ್ದರೆ ಬೇಡವೆಂದೇ ಹೇಳುತ್ತಿದ್ದೆ. ಡಿಎನ್‌ಎ ಪರೀಕ್ಷೆ ರೋಗ ಎಷ್ಟು ತೀವ್ರವಾಗಿರುತ್ತದೆ ಎಂಬುದನ್ನು ಹೇಳಲಾರದು. ಸೌಮ್ಯ ರೂಪದ ತಂದೆತಾಯಿಗಳಿಗೂ ತೀವ್ರ ರೂಪದ ಮರಿಗಳು ಹುಟ್ಟುತ್ತವೆ.

ಕೋಲಿಗಳಲ್ಲಿ ಪಿಆರ್‌ಎ ಎಂಬ, ಅಕ್ಷಿಪಟಲ ಕ್ರಮೇಣ ನಶಿಸುವ ಇನ್ನೊಂದು ವಂಶಪಾರಂಪರ್ಯ ರೋಗವೂ ಇದೆ. ಮರಿ ಚಿಕ್ಕದಿರುವಾಗಲೇ ಇರುಳುಗುರುಡಿನಿಂದ ಶುರುವಾಗಿ ಸುಮಾರು ವರ್ಷದೊಳಗೆ ಪೂರ್ತಿ ಕುರುಡಾಗಿಸುವ ಅದರ ಪರೀಕ್ಷೆ ಬೇರೆಯೇ ಇರುವುದರಿಂದ ಅದನ್ನೂ ಕೇಳಿ ಮಾಡಿಸಿ.

ಔಷಧಿಯಿಂದ ಗುಣವಾಗುವುದೇ ಎಂದು ನೀವು ಕೊನೆಯಲ್ಲಿ ಕೇಳಿದ್ದೀರಿ. ಬ್ರಿಯಾರ್ ಎಂಬ ಫ್ರಾನ್ಸಿನ ಕುರಿನಾಯಿಯಲ್ಲಿ ಆರ್‌ಪಿಇ65 ಜೀನ್ ಕೆಟ್ಟು ಬರುವ ಹುಟ್ಟುಕುರುಡಿಗೆ ಜೀನ್ ಚಿಕಿತ್ಸೆಯಿಂದ ದೃಷ್ಟಿ ಮರಳಿಸಿದ ವರದಿ 2001ರಲ್ಲಿ ಬಂತು, ಅದೇ ದಾರಿಯಲ್ಲಿ ಸಾಗಿದ ಕೆಲಸ 2017ರಲ್ಲಿ ಮನುಷ್ಯರಿಗೂ ಔಷಧಿಯಾಯಿತು. ಆದರೆ ಅಲ್ಲಿ ಜೀವಕೋಶಗಳಿದ್ದು ಅವುಗಳಿಗೆ ಬೇಕಾದ ಒಂದು ಕಿಣ್ವ ಮಾತ್ರ ಇರಲಿಲ್ಲ. ಇಲ್ಲಿ ಪದರವೇ ಬೆಳೆದಿಲ್ಲ, ಹುಟ್ಟಿದ ಮೇಲೆ ಅದನ್ನು ಬೆಳೆಸುವ ಉಪಾಯವಿಲ್ಲ.

ಮರಿಗಳಾದರೆ 7ನೇ ವಾರದೊಳಗೆ, ಹೊಸ ಮನೆಗಳಿಗೆ ಹೋಗುವ ಮೊದಲೇ, ಎಲ್ಲವನ್ನೂ ನೇತ್ರತಜ್ಞರಿಗೆ ತೋರಿಸಿ. ತಾಯಿಯ 7ನೇ ವಾರದ ಕಾಗದವನ್ನು ಎಸೆಯಬೇಡಿ. ಅದರ ಪ್ರತಿಯನ್ನೂ ಡಿಎನ್‌ಎ ಫಲಿತಾಂಶವನ್ನೂ ಪ್ರತಿ ಮರಿಯ ಜೊತೆಗೆ ಕಳಿಸಿಕೊಡಿ.