ಕಪಾಟಿನಲ್ಲಿ 20 ಟ್ಯಾಬ್

ಶಿರಸಿ ತಾಲೂಕಿನ ಹಳ್ಳಿಯೊಂದರಿಂದ ಒಬ್ಬ ತಾಯಿ ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ. ಊರಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗೆ ಬೆಂಗಳೂರಿನಲ್ಲಿರುವ ಹಳೆ ವಿದ್ಯಾರ್ಥಿಗಳು 20 ಟ್ಯಾಬ್ ಕೊಟ್ಟರಂತೆ. ಒಂದರಿಂದ ಏಳನೇ ತರಗತಿವರೆಗೆ ದಿನಕ್ಕೊಂದು ಪಿರಿಯಡ್ ಅದರಲ್ಲೇ ಪಾಠ ಎಂದು ತೀರ್ಮಾನವಾಯಿತು. ಹತ್ತಾರು ಪಾಲಕರು ಯಾರಿಗೂ ಬೇಡ ಎಂದರು. "ನೀವೆಲ್ಲ ಇನ್ನೂ ಪಾಟಿ, ಬಳಪದ ಕಾಲದಲ್ಲೇ ಇದ್ದೀರಿ" ಎಂದು ಸಭೆಯಲ್ಲಿ ಯಾರೋ ನಕ್ಕರು. ಈಗ ಟ್ಯಾಬ್‌ಗಳು ಕಪಾಟಿನಲ್ಲಿವೆ. "ಮಗಳು ಮೂರನೇ ತರಗತಿ. ನನ್ನ ಕೈಯಲ್ಲೂ ದಿನವಿಡೀ ಮೊಬೈಲ್ ಇರುತ್ತದೆ. ಹಾಗಾದರೆ ನಾವು ಮಾಡಿದ್ದು ತಪ್ಪಾ?" ಎಂಬುದು ಅವರ ಪ್ರಶ್ನೆ.

ನಮಸ್ಕಾರ.

ನಿಮ್ಮ ಮೊಬೈಲಿನ ಮಾತು ಮೊದಲು ಮುಗಿಸಿಬಿಡೋಣ. ನೀವು ಅದರಲ್ಲಿ ಅಡಿಕೆ ದರ ನೋಡುತ್ತೀರಿ, ತವರಿಗೆ ಮಾತಾಡುತ್ತೀರಿ, ರಾತ್ರಿ ಒಂದಿಷ್ಟು ಸುಮ್ನೆ ಬೆರಳಾಡಿಸುತ್ತೀರಿ. ನಾನೂ ಅಷ್ಟೇ. ಅಡುಗೆಮನೆಯಲ್ಲಿ ಮೆಟ್ಟುಗತ್ತಿ ಇದೆ ಅಂತ ಅದನ್ನು ಅಂಗನವಾಡಿಗೆ ಕೊಟ್ಟು ಕಳಿಸುತ್ತೇವಾ?

ನನ್ನದೂ ಒಂದು ತಪ್ಪೊಪ್ಪಿಗೆ ಇದೆ. 2020ರ ಜೂನ್‌ನಲ್ಲಿ ಚಿಕ್ಕ ಮಕ್ಕಳಿಗೆ ಆನ್‌ಲೈನ್ ತರಗತಿ ಬೇಡ ಎಂದು ರಾಜ್ಯ ಸರ್ಕಾರ ಹೇಳಿತ್ತು. ಜುಲೈನಲ್ಲಿ ಹೈಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಸಾಲ ಮಾಡಿಯಾದರೂ ಮಕ್ಕಳಿಗೆ ಫೋನ್ ಕೊಡಿಸಿ ಎಂದು ಆಗ ಇದೇ ಪುಟದಲ್ಲಿ ಬರೆದವನು ನಾನು. ನಮ್ಮ ಅಣ್ಣ ಅದನ್ನು ಓದಿ ಮಗನಿಗೆ ಕೊಡಿಸಿಯೂ ಬಿಟ್ಟ. ಆ ಮಳೆಗಾಲ ಹುಡುಗ ಸಿಗ್ನಲ್ ಹುಡುಕಿಕೊಂಡು ಗುಡ್ಡದ ಮೇಲೆ ಕೊಡೆ ಹಿಡಿದು ಕೂತ. ಪಾಠ ಕೇಳಿದ್ದು ಅರ್ಧ ಹೊತ್ತು, ಕಾಲಿನ ಉಂಬಳ ಕಿತ್ತಿದ್ದು ಅರ್ಧ ಹೊತ್ತು. ಆಗಸ್ಟಿನಲ್ಲಿ ಸರ್ಕಾರದ ವಿದ್ಯಾಗಮ ಯೋಜನೆ ಶುರುವಾಯಿತು. ಅಕ್ಕೋರು ಊರಿಗೇ ಬಂದು ದೇವಸ್ಥಾನದ ಜಗಲಿಯಲ್ಲಿ ಮಕ್ಕಳನ್ನು ಕೂರಿಸಿಕೊಂಡರು. ಅಕ್ಟೋಬರಿನಲ್ಲಿ ಸೋಂಕಿನ ಭಯದಿಂದ ಅದನ್ನೂ ನಿಲ್ಲಿಸಿದರು. ಆದರೆ ಅಷ್ಟರಲ್ಲಿ ನಮ್ಮ ಹುಡುಗ ಭಾಗಾಕಾರ ಕಲಿತಿದ್ದ. ಫೋನಿನಲ್ಲಿ ಅವನು ಕಲಿತದ್ದೂ ಇದೆ, ಅದನ್ನು ಇಲ್ಲಿ ಬರೆಯುವುದಿಲ್ಲ.

ನಿಮ್ಮನ್ನು ನೋಡಿ ನಕ್ಕವರಿಗೆ ಸ್ವೀಡನ್ನಿನ ಕತೆ ಹೇಳಿ. ಅಲ್ಲಿ ಕರೆಂಟಿನ ಗೋಳಿಲ್ಲ, ನೆಟ್‌ವರ್ಕಿನ ಗೋಳಿಲ್ಲ, ದುಡ್ಡಿನ ಗೋಳಂತೂ ಇಲ್ಲವೇ ಇಲ್ಲ. ಆದರೂ 2023ರಲ್ಲಿ ಆ ದೇಶದ ಸರ್ಕಾರ ಪುಟ್ಟ ಮಕ್ಕಳ ಶಾಲೆಯಲ್ಲಿ ಡಿಜಿಟಲ್ ಸಾಧನ ಕಡ್ಡಾಯ ಅನ್ನುವುದನ್ನು ಕೈಬಿಟ್ಟು, ಅಚ್ಚಾದ ಪುಸ್ತಕ ಕೊಳ್ಳಲು ಆ ವರ್ಷಕ್ಕೆ 685 ಮಿಲಿಯನ್ ಕ್ರೋನಾ ಎತ್ತಿಟ್ಟಿತು. ಪೆರು ದೇಶ 2008ರಿಂದ ಹಳ್ಳಿ ಶಾಲೆಗಳಿಗೆ ಲಕ್ಷಗಟ್ಟಲೆ ಲ್ಯಾಪ್‌ಟಾಪ್ ಹಂಚಿತ್ತು. 2012ರಲ್ಲಿ ಲೆಕ್ಕ ಹಾಕಿ ನೋಡಿದರೆ ಗಣಿತದಲ್ಲೂ ಏರಿಕೆ ಇಲ್ಲ, ಭಾಷೆಯಲ್ಲೂ ಇಲ್ಲ.

ಇಷ್ಟಕ್ಕೇ ನಿಲ್ಲಿಸಿದರೆ ನಿಮಗೆ ಹಿತವಾದದ್ದನ್ನಷ್ಟೇ ಹೇಳಿದ ಹಾಗಾಗುತ್ತದೆ. ದೆಹಲಿಯಲ್ಲಿ 2015ರಲ್ಲಿ ಮೈಂಡ್‌ಸ್ಪಾರ್ಕ್ ಎಂಬ ತಂತ್ರಾಂಶವನ್ನು ಪರೀಕ್ಷೆಗೆ ಹಚ್ಚಿದರು. ಶಾಲೆ ಬಿಟ್ಟ ಮೇಲೆ ನಡೆಯುವ ಕೇಂದ್ರ ಅದು. ನಾಲ್ಕೂವರೆ ತಿಂಗಳಲ್ಲಿ ಗಣಿತ, ಹಿಂದಿ ಎರಡರಲ್ಲೂ ಮಕ್ಕಳು ಒಳ್ಳೆಯ ಏರಿಕೆ ಕಂಡರು. ಯಾಕೆ ಗೊತ್ತಾ? ಆರನೇ ತರಗತಿಯ ಮಗುವಿಗೆ ಬರುವುದು ಮೂರನೆಯದರ ಲೆಕ್ಕವಾದರೆ, ಆ ತಂತ್ರಾಂಶ ಅಲ್ಲಿಂದಲೇ ಶುರು ಮಾಡುತ್ತದೆ. ಎಲ್ಲರಿಗೂ ಒಂದೇ ಪಾಠ ಮುಗಿಸಬೇಕಾದ ಮಾಸ್ತರಿಗೆ ಇದು ಕಷ್ಟ. ಇನ್ನೊಂದು ವಿಷಯ, ಅಲ್ಲಿ 45 ನಿಮಿಷ ಕಂಪ್ಯೂಟರ್, ಮುಂದಿನ 45 ನಿಮಿಷ ಸಣ್ಣ ಗುಂಪಿಗೆ ಮನುಷ್ಯರೇ ಪಾಠ ಹೇಳುತ್ತಿದ್ದರು.

ಈಗ ನಿಮ್ಮ ಮಗಳ ತರಗತಿ ನೋಡಿ. ಅಲ್ಲಿ ನಲಿ-ಕಲಿ ಇದೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಹುಟ್ಟಿದ್ದು. ಮಗು ತನ್ನ ಮೆಟ್ಟಿಲು ತಾನೇ ನೋಡಿಕೊಂಡು ಕಾರ್ಡು ಎತ್ತಿಕೊಳ್ಳುತ್ತದೆ, ಮುಗಿದರೆ ಮುಂದಿನದು. ದೆಹಲಿಯ ಆ ತಂತ್ರಾಂಶ ಮಾಡಿದ್ದೂ ಇದನ್ನೇ ಅಲ್ವಾ? ನಮ್ಮದಕ್ಕೆ ಚಾರ್ಜ್ ಬೇಡ, ಅಷ್ಟೇ. ಹಾಗಾಗಿ ಒಂದರಿಂದ ಮೂರರವರೆಗೆ ಟ್ಯಾಬ್ ಮಾಡುವ ಕೆಲಸ ಏನೂ ನನಗೆ ಕಾಣುವುದಿಲ್ಲ. ಅಲ್ಲಿ ನೀವು ಸರಿ.

ಆದರೆ ಮೂರನೇ ತರಗತಿಗೆ ನಲಿ-ಕಲಿ ಮುಗಿಯುತ್ತದೆ. ಭಿನ್ನರಾಶಿ ಬಂದಾಗ ಹಿಂದೆ ಬಿದ್ದ ಮಗು ಹಿಂದೆಯೇ ಉಳಿಯುತ್ತದೆ. ಆರು, ಏಳನೆಯವರಿಗೂ ಟ್ಯಾಬ್ ಬೇಡ ಎಂದಿರಲ್ಲ, ಅದನ್ನು ನಾನು ಒಪ್ಪುವುದಿಲ್ಲ. ಇನ್ನೊಂದೆರಡು ವರ್ಷದಲ್ಲಿ ಶಿರಸಿ ಹೈಸ್ಕೂಲಿಗೆ ಬಸ್ ಹತ್ತುವ ಮಕ್ಕಳು ಅವರು. ವಾರಕ್ಕೆ ಎರಡು ಮೂರು ಪಿರಿಯಡ್, ಗಣಿತಕ್ಕೆ ಮಾತ್ರ, ಅಕ್ಕೋರು ಪಕ್ಕದಲ್ಲೇ ಇದ್ದು ನೋಡಿಕೊಂಡರೆ ಆ 20 ಟ್ಯಾಬ್ ಜಾಸ್ತಿಯೇ ಆದೀತು. ಟ್ಯಾಬ್ ಮನೆಗೆ ಬರುವುದು ಬೇಡ.

ಆ್ಯಪಿನಲ್ಲಿ ಮಗುವಿನ ಹೆಸರು, ಹುಟ್ಟಿದ ದಿನ, ಫೋಟೊ ಯಾಕೆ ಕೇಳುತ್ತಾರೆ ಎಂದೂ ಬರೆದಿದ್ದೀರಿ. ಒಳ್ಳೆಯ ಪ್ರಶ್ನೆ. ಅಮೆರಿಕದಲ್ಲಿ ಮಕ್ಕಳ ಮಾಹಿತಿಯನ್ನೆಲ್ಲ ಒಂದೇ ಕಡೆ ಕೂಡಿಡಲು ಹೊರಟಿದ್ದ ಇನ್‌ಬ್ಲೂಮ್ ಎಂಬ ಸಂಸ್ಥೆ ಪಾಲಕರ ವಿರೋಧ ತಡೆಯಲಾರದೆ 2014ರಲ್ಲಿ ಬಾಗಿಲು ಹಾಕಿತು. ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ 18 ತುಂಬದವರ ಮಾಹಿತಿಗೆ ಪಾಲಕರ ಒಪ್ಪಿಗೆ ಬೇಕು ಎನ್ನುತ್ತದೆ. ಶಾಲೆಗಳಿಗೆ ಕೆಲವು ವಿನಾಯಿತಿ ಇದೆ, ಆದರೆ ಪ್ರಶ್ನೆ ಕೇಳಬೇಡಿ ಎಂದು ಎಲ್ಲೂ ಬರೆದಿಲ್ಲ.

ಪತ್ರ ಓದುವಾಗ ನನಗೆ ಚುಚ್ಚಿದ ಸಾಲು ಬೇರೆಯೇ ಇತ್ತು. "ಟ್ಯಾಬ್ ಬಂದ ಮೇಲೆ ನಮಗೆ ತಿಳಿಸಿದರು." ನಿಮ್ಮ ಸಿಟ್ಟಿನ ಬೇರು ಅಲ್ಲೇ ಇದೆ ಅನ್ನಿಸಿತು. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಶಾಲಾ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪಾಲಕರೇ ಇರಬೇಕು, ಅರ್ಧದಷ್ಟು ಹೆಂಗಸರಿರಬೇಕು. ನಮ್ಮಲ್ಲಿ ಎಸ್‌ಡಿಎಂಸಿ ಅನ್ನುವುದು ಇದೇ ಸಮಿತಿಗೆ. ಅದರ ಸಭೆಗೆ ನೀವು ಚಾ ಕುಡಿದು ಸಹಿ ಹಾಕಿ ಬರಲು ಹೋಗುವುದಲ್ಲ. ಬೆಂಗಳೂರಿನ ಹುಡುಗರ ಮೇಲೆ ಮಾತ್ರ ಸಿಟ್ಟು ಬೇಡ. ಕೊಟ್ಟವರು ನಮ್ಮ ಊರಿನವರೇ, ಪ್ರೀತಿಯಿಂದಲೇ ಕೊಟ್ಟಿದ್ದಾರೆ. ಹಬ್ಬಕ್ಕೆ ಬಂದಾಗ ಕೂರಿಸಿಕೊಂಡು ಮಾತಾಡಿ. ಮುಂದಿನ ಸಲ ಇನ್ವರ್ಟರೋ, ಒಂದು ಕಪಾಟು ಕತೆ ಪುಸ್ತಕವೋ ಕೇಳಿ. ಆಷಾಢದಲ್ಲಿ ಮೂರು ದಿನ ಕರೆಂಟ್ ಹೋಗುವುದು ಅವರಿಗೂ ನೆನಪಿದ್ದೀತು.

ಅದಕ್ಕೂ ಮೊದಲು ಒಂದು ಕೆಲಸ ಮಾಡಿ. ಹೆಡ್‌ಮಾಸ್ತರ ಹತ್ತಿರ ಕಪಾಟಿನ ಬೀಗ ತೆಗೆಸಿ, ಒಂದು ಟ್ಯಾಬ್ ಚಾರ್ಜ್ ಮಾಡಿಸಿ. ನೀವೇ ನಾಲ್ಕೈದು ಜನ ತಾಯಂದಿರು ಅರ್ಧ ಗಂಟೆ ಕೂತು ಏಳನೇ ತರಗತಿಯ ಲೆಕ್ಕ ಬಿಡಿಸಿ ನೋಡಿ. ತಪ್ಪು ಮಾಡಿದಾಗ ಅದು ಏನು ಹೇಳುತ್ತದೆ, ಕನ್ನಡ ನೆಟ್ಟಗಿದೆಯಾ, ನಡುವೆ ಜಾಹೀರಾತು ಬರುತ್ತದಾ ಅಂತ ನನಗೂ ಬರೆಯಿರಿ.

– ಸಂ.