ಸಿಂಹದ ಗುಂಪಿಗೆ ಕನ್ನಡದಲ್ಲಿ ಏನಂತಾರೆ?

ಇಂಗ್ಲಿಷಲ್ಲಿ ಸಿಂಹಕ್ಕೆ ಪ್ರೈಡ್, ಕಾಗೆಗೆ ಮರ್ಡರ್ ಅಂತ ಬೇರೆ ಬೇರೆ ಹೆಸರಿದೆ, ಕನ್ನಡದಲ್ಲಿ ಯಾಕಿಲ್ಲ ಅಂತ ಕೇಳಿದೀರಲ್ಲ, ನಿಜ ಹೇಳ್ಬೇಕಂದ್ರೆ ಆ ಇಂಗ್ಲಿಷ್ ಪದಗಳಲ್ಲಿ ಸುಮಾರು ಬರೀ ತಮಾಷೆಗೆ ಕಟ್ಟಿದ್ದು. 1486ರಲ್ಲಿ ಅಚ್ಚಾದ ಬುಕ್ ಆಫ್ ಸೇಂಟ್ ಆಲ್ಬನ್ಸ್ ಅನ್ನೋ ಬೇಟೆ ಪುಸ್ತಕದಲ್ಲಿ ಇಂಥವುಗಳ ದೊಡ್ಡ ಲಿಸ್ಟೇ ಇದೆ, ಅದರಲ್ಲಿ ಸನ್ಯಾಸಿನಿಯರ ಗುಂಪಿಗೆ 'ಅತಿಯಾಯ್ತು' ಅನ್ನೋ ಅರ್ಥದ ಪದ ಕೊಟ್ಟಿದಾರೆ ಅಂದ್ರೆ ನೋಡಿ!

ನಮ್ಮಲ್ಲಿ ಹಿಂಡು ಒಂದಿದ್ರೆ ಆನೆ, ಜಿಂಕೆ, ಕಾಡೆಮ್ಮೆ, ಸೀಳುನಾಯಿ ಎಲ್ಲಕ್ಕೂ ನಡೆಯತ್ತೆ, ಸಿಂಹಕ್ಕೂ ಅದೇ ಹಾಕಿ. ಮಂದೆ ಮಾತ್ರ ಬೇಡ, ಅದು ಕುರಿ ದನದ್ದು, ಕಾಯೋನು ಒಬ್ಬ ಇರ್ಬೇಕು. ಕೋತಿಗಳಿಗೆ ದಂಡು ಅಂದ್ರೆ ಚೆನ್ನಾಗಿರತ್ತೆ, ತೋಟಕ್ಕೆ ನುಗ್ಗಿದ್ದು ನೋಡಿದೋರಿಗೆ ಯಾಕಂತ ಗೊತ್ತು. ಇರುವೆಗೆ ಸಾಲು.

ನಂಗೆ ಇಷ್ಟ ಆಗೋದು ಉಲ್ಟಾ ಪದ, ಒಂಟಿಸಲಗ. ಹೆಣ್ಣಾನೆಗಳು ಹಿರಿಯಜ್ಜಿ ಹಿಂದೆ ಹಿಂಡಾಗಿ ಓಡಾಡ್ತವೆ, ಗಂಡು ಬೆಳೀತಿದ್ದಂಗೆ ಹಿಂಡು ಬಿಟ್ಟು ಹೊರಗೆ ಬರತ್ತೆ, ಗುಂಪಲ್ಲಿ ಇಲ್ಲದೇ ಇರೋದಕ್ಕೇ ನಮ್ಮೋರು ಹೆಸರಿಟ್ಟಿದಾರೆ. ಹುಲಿ ಗುಂಪಿಗೆ ಪದ ಹುಡುಕೋಕೆ ಹೋಗ್ಬೇಡಿ, ಮೂರ್ನಾಲ್ಕು ಒಟ್ಟಿಗೆ ಕಂಡ್ರೆ ಅದು ಸಾಮಾನ್ಯವಾಗಿ ತಾಯಿ ಮತ್ತೆ ಮರಿಗಳು ಅಷ್ಟೆ.